ವಾರವನ್ನು ನಿಭಾಯಿಸುವುದೋ, ವಾರವನ್ನು ಮಾರುವುದೋ?

ಇತ್ತೀಚಿನ ವರ್ಷಗಳಲ್ಲಿ ನಮ್ಮ ಧರ್ಮಕೇಂದ್ರಗಳ ಯುವಜನ ಕೂಟಗಳಿಗೂ ಕುಟುಂಬ ಕೂಟಗಳಿಗೂ ಹೊಸ ಬಗೆಯ ಪ್ರವಚನಕಾರರ ಪ್ರವೇಶವಾಗಿದೆ. ಇವರು 'ಸಮಯ ನಿರ್ವಹಣೆ'ಯ ತರಬೇತುದಾರರು. ಕೈಯಲ್ಲಿ ರಿಮೋಟು, ಬೆನ್ನ ಹಿಂದೆ ಬೆಳ್ಳಿಪರದೆ. ಪರದೆಯ ಮೇಲೆ ನಾಲ್ಕು ಚೌಕಗಳು ಮೂಡುತ್ತವೆ. ತುರ್ತಾದದ್ದು ಯಾವುದು, ಮುಖ್ಯವಾದದ್ದು ಯಾವುದು ಎಂದು ಬದುಕನ್ನೆಲ್ಲಾ ಆ ಚೌಕಗಳಿಗೆ ಹಂಚಿಬಿಡಬೇಕು. ಇಪ್ಪತ್ತೈದು ನಿಮಿಷ ದುಡಿ, ಐದು ನಿಮಿಷ ದಣಿವಾರಿಸಿಕೋ; ಭಾನುವಾರ ರಾತ್ರಿಯೇ ಮುಂದಿನ ಐದು ದಿನಗಳ ಯೋಜನೆ ಬರೆದಿಡು; ಬೆಳಗ್ಗೆ ಐದಕ್ಕೆ ಏಳು. ಕೊನೆಗೆ ಎಲ್ಲರಿಂದಲೂ ಒಂದು ಘೋಷಣೆ: ನನ್ನ ವಾರ ನನ್ನ ಕೈಯಲ್ಲಿದೆ! ಚಪ್ಪಾಳೆ, ಚಹಾ, ಬಿಸ್ಕತ್ತು, ಒಂದು ಸಾಮೂಹಿಕ ಛಾಯಾಚಿತ್ರ.

ಈ ಚೌಕಗಳ ಮೇಲಾಗಲೀ ಗಡಿಯಾರದ ಮೇಲಾಗಲೀ ನನಗೆ ದ್ವೇಷವಿಲ್ಲ. ಇಪ್ಪತ್ತೈದು ನಿಮಿಷಗಳ ಆ ವಿಧಾನವನ್ನು ಫ್ರಾಂಚೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ, ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರವೊಂದನ್ನು ಇಟ್ಟುಕೊಂಡು ರೂಢಿಸಿಕೊಂಡನಂತೆ. ಓದಲು ಕುಳಿತ ಹುಡುಗನಿಗೆ ಅದರಿಂದ ಉಪಕಾರವೇ ಆಗಬಹುದು. ಆದರೆ ಆ ಕೊನೆಯ ಘೋಷಣೆಯಿದೆಯಲ್ಲ, ಅದು ಸುಳ್ಳು. ಅದನ್ನು ನಮ್ಮ ಸಭಾಂಗಣಗಳಲ್ಲಿ, ಶಿಲುಬೆಯ ಕೆಳಗೆ ನಿಂತು, ನಮ್ಮ ಮಕ್ಕಳಿಂದ ಕೂಗಿಸುವುದು ಸರಿಯಲ್ಲವೆಂದು ಹೇಳಲೆಂದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಏಕೆ ಸುಳ್ಳು ಎಂದು ಕೇಳುವವರು ನನ್ನೊಡನೆ ಒಂದು ಸಣ್ಣ ಲೆಕ್ಕಕ್ಕೆ ಕುಳಿತುಕೊಳ್ಳಬೇಕು. ದೇವರು ಎಲ್ಲರಿಗೂ ಕೊಟ್ಟಿರುವುದು ವಾರಕ್ಕೆ 168 ಗಂಟೆ. ಕೆಂಗೇರಿ ಉಪನಗರದಲ್ಲಿ ಮನೆ, ವೈಟ್‌ಫೀಲ್ಡಿನಲ್ಲಿ ಕೆಲಸ ಎಂಬುದು ಈಗ ನಮ್ಮ ಕಡೆಯ ಎಷ್ಟೋ ಮನೆಗಳ ಪರಿಸ್ಥಿತಿ. 2023ರ ಅಕ್ಟೋಬರ್ 9ರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಮೆಟ್ರೋ ಒಂದೇ ಓಟದಲ್ಲಿ ಓಡುತ್ತಿದೆ. ಸುಮಾರು 43 ಕಿಲೋಮೀಟರು, 37 ನಿಲ್ದಾಣಗಳು. ಅದು ಬಂದದ್ದು ದೊಡ್ಡ ಅನುಕೂಲವೇ ಹೌದು. ಆದರೂ ಮನೆಯ ಬಾಗಿಲಿನಿಂದ ನಿಲ್ದಾಣಕ್ಕೆ, ಅಲ್ಲಿ ತಪಾಸಣೆಯ ಸಾಲು, ಇಳಿದ ಮೇಲೆ ಕಚೇರಿಯವರೆಗಿನ ಆಟೋ ಅಥವಾ ಬಸ್ಸು ಎಲ್ಲವನ್ನೂ ಸೇರಿಸಿದರೆ ಹೋಗಿಬರಲು ದಿನಕ್ಕೆ ಮೂರೂವರೆ ಗಂಟೆಗೆ ಕಡಿಮೆಯಾಗದು. ಆರು ದಿನಕ್ಕೆ 21 ಗಂಟೆ. ನಿದ್ರೆಗೆ ದಿನಕ್ಕೆ ಏಳರಂತೆ 49 ಗಂಟೆ. ಇದಕ್ಕೆ 70 ಗಂಟೆಗಳ ದುಡಿಮೆಯನ್ನು ಕೂಡಿಸಿ: 140. ಉಳಿಯುವುದು 28 ಗಂಟೆ, ಅಂದರೆ ದಿನಕ್ಕೆ ನಾಲ್ಕು. ಸ್ನಾನ, ಊಟ, ಅಡುಗೆ, ಬಟ್ಟೆ, ಮಗುವಿನ ಶಾಲೆ, ವಯಸ್ಸಾದ ತಾಯಿಯ ಔಷಧಿ, ನೆಂಟರ ಮದುವೆ, ನೆರೆಯವರ ಸಾವು, ಜಪಸರ, ಬಲಿಪೂಜೆ, ಗಂಡಹೆಂಡಿರ ನಡುವೆ ನಾಲ್ಕು ಮಾತು ಎಲ್ಲವೂ ಆ ನಾಲ್ಕು ಗಂಟೆಯೊಳಗೆ ಮುಗಿಯಬೇಕು.

ಎಪ್ಪತ್ತರ ಸಂಖ್ಯೆಯನ್ನು ನಾನು ಸುಮ್ಮನೆ ಆರಿಸಿಕೊಂಡಿಲ್ಲ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕ ಎನ್. ಆರ್. ನಾರಾಯಣಮೂರ್ತಿಯವರು ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಲು ಮುಂದಾಗಬೇಕೆಂದು ಕರೆಕೊಟ್ಟರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆಯ ಮುಖ್ಯಸ್ಥ ಎಸ್. ಎನ್. ಸುಬ್ರಹ್ಮಣ್ಯನ್ ಅವರು ಅದನ್ನು 90ಕ್ಕೆ ಏರಿಸಿದರು. ಭಾನುವಾರವೂ ನೌಕರರನ್ನು ದುಡಿಸಲಾಗುತ್ತಿಲ್ಲವೆಂದು ವಿಷಾದಪಟ್ಟು, ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬ ಅರ್ಥದ ಮಾತನ್ನೂ ಆಡಿದರು. ಅವರ ಲೆಕ್ಕವನ್ನು ಕೆಂಗೇರಿಗೆ ಅನ್ವಯಿಸೋಣ. ದುಡಿಮೆಗೆ 90, ಏಳು ದಿನದ ಪ್ರಯಾಣಕ್ಕೆ ಇಪ್ಪತ್ತನಾಲ್ಕೂವರೆ, ನಿದ್ರೆಗೆ 49. ಒಟ್ಟು 163 ಗಂಟೆ 30 ನಿಮಿಷ. ವಾರಕ್ಕೆ ಉಳಿದದ್ದು ನಾಲ್ಕೂವರೆ ಗಂಟೆ. ದಿನಕ್ಕೆ ಸುಮಾರು ಮೂವತ್ತೆಂಟು ನಿಮಿಷ. ಅವರು ಚಿಂತಿಸಬೇಕಾಗಿಲ್ಲ, ಈ ಲೆಕ್ಕದಲ್ಲಿ ಯಾರೂ ಯಾರ ಮುಖವನ್ನೂ ನೋಡಲು ಸಾಧ್ಯವಿಲ್ಲ. ಇಂಥ ವಾರವನ್ನು ಯಾವ ನಾಲ್ಕು ಚೌಕಗಳಲ್ಲಿ ಹಂಚುವುದು?

ಈ ಲೆಕ್ಕದಲ್ಲಿ ಇನ್ನೊಂದು ಅಂಶ ಮರೆಯಾಗಿದೆ. ಎಪ್ಪತ್ತು ಗಂಟೆ ದುಡಿಯುವ ಗಂಡಸಿನ ಮನೆಯಲ್ಲಿ ಅನ್ನ ತಾನಾಗಿ ಬೇಯುವುದಿಲ್ಲ. ಕೇಂದ್ರ ಸರ್ಕಾರವೇ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷಗಳನ್ನು. ಆದ್ದರಿಂದ 'ಬೆಳಗ್ಗೆ ಐದಕ್ಕೆ ಏಳಿ' ಎಂಬ ಉಪದೇಶವನ್ನು ನಮ್ಮ ತಾಯಂದಿರ ಸಂಘದಲ್ಲಿ ಯಾರಾದರೂ ಮಾಡಿದರೆ ಅದನ್ನು ಅವಿವೇಕವೆನ್ನದೆ ವಿಧಿಯಿಲ್ಲ. ಅವರು ಎದ್ದೇ ಇರುತ್ತಾರೆ.

ಈ 'ಸಮಯ ನಿರ್ವಹಣೆ' ಎಲ್ಲಿಂದ ಬಂತು ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ಅಮೆರಿಕದ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರು ಕಾರ್ಖಾನೆಯ ಕಾರ್ಮಿಕನ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆಯುವ ಪದ್ಧತಿಯನ್ನು ಬೆಳೆಸಿ, 1911ರಲ್ಲಿ ಅದರ ಬಗ್ಗೆ ಪ್ರಸಿದ್ಧವಾದ ಗ್ರಂಥವನ್ನು ಪ್ರಕಟಿಸಿದ. ಆ ಗಡಿಯಾರ ಇಂದಿಗೂ ಪೀಣ್ಯದಲ್ಲಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹಾಗೆಯೇ ಇದೆ. ಒಂದು ಕಾಲರಿಗೆ ಇಷ್ಟು ಸೆಕೆಂಡು, ಒಂದು ತೋಳಿಗೆ ಇಷ್ಟು ಸೆಕೆಂಡು ಎಂದು ನಿಗದಿಯಾಗಿ, ಗಂಟೆಗೊಮ್ಮೆ ಟಾರ್ಗೆಟ್ಟನ್ನು ಹಲಗೆಯ ಮೇಲೆ ಬರೆಯಲಾಗುತ್ತದೆ. ಮೂತ್ರಕ್ಕೆ ಎದ್ದರೆ ಟಾರ್ಗೆಟ್ ತಪ್ಪೀತೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ ಸಹೋದರಿಯರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ. ಅವರ ಕಾಯಿಲೆಯ ಕಥೆ ಗುರುಗಳ ಕಿವಿಗೂ ಬೀಳುತ್ತದೆ. ತಾಯಿಗೆ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರು ಗಡಿಯಾರ ಹಿಡಿಯುತ್ತಾನೆ. ಬಿ.ಇ. ಓದಿದ ಮಗಳು ತನ್ನ ಮೇಲೆ ತಾನೇ ಗಡಿಯಾರ ಹಿಡಿದುಕೊಳ್ಳಲು ಕಲಿಯಬೇಕು. ಅವಳಿಗೆ ಇದನ್ನು ಕೌಶಲವೆಂದು ಹೇಳಿಕೊಡಲಾಗುತ್ತದೆ, ಅದಕ್ಕೊಂದು ಪ್ರಮಾಣಪತ್ರವೂ ಸಿಗುತ್ತದೆ. ಕೆಲಸ ಮುಗಿಯದಿದ್ದರೆ ಕೆಲಸ ಹೆಚ್ಚಿತ್ತೆಂದು ಅವಳು ಹೇಳುವಂತಿಲ್ಲ. ನನಗೆ ಏಕಾಗ್ರತೆ ಸಾಲದು ಎಂದು ತನ್ನನ್ನೇ ಹಳಿದುಕೊಳ್ಳಬೇಕು. ನನ್ನ ತಕರಾರು ಇರುವುದು ಇಲ್ಲಿ. ಹೊರೆಯನ್ನು ಹೇರಿದವನು ಯಾರೆಂದು ಕೇಳದಂತೆ ಮಾಡಿ, ಹೊತ್ತವಳ ಬೆನ್ನನ್ನು ದೂರುವ ವಿದ್ಯೆ ಇದು.

ವಿಮೋಚನಾಕಾಂಡದ ಐದನೆಯ ಅಧ್ಯಾಯವನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿ ನೋಡಿ. ಮೋಶೆ ಮತ್ತು ಆರೋನರು ಫರೋಹನ ಬಳಿ ಕೇಳಿದ್ದು ಸಂಬಳದ ಹೆಚ್ಚಳವನ್ನಲ್ಲ. ಜನರು ಅರಣ್ಯಕ್ಕೆ ಹೋಗಿ ದೇವರಿಗೆ ಹಬ್ಬವನ್ನಾಚರಿಸಲು ಕೆಲವು ದಿನಗಳ ಬಿಡುವನ್ನು. ಫರೋಹನು ಏನು ಮಾಡಿದ? ಇವರಿಗೆ ಬಿಡುವು ಬೇಕೆನಿಸಿದ್ದೇ ಇವರು ಸೋಮಾರಿಗಳೆಂಬುದಕ್ಕೆ ಸಾಕ್ಷಿಯೆಂದು ತೀರ್ಮಾನಿಸಿದ. ಇಟ್ಟಿಗೆಗೆ ಬೇಕಾದ ಹುಲ್ಲನ್ನು ಕೊಡುವುದನ್ನು ನಿಲ್ಲಿಸಿದ. ಇಟ್ಟಿಗೆಯ ಲೆಕ್ಕವನ್ನು ಮಾತ್ರ ಒಂದೂ ಇಳಿಸಲಿಲ್ಲ. ಲೆಕ್ಕ ತಪ್ಪಿದಾಗ ಏಟು ಬಿದ್ದದ್ದು ಇಸ್ರಯೇಲರಲ್ಲೇ ನೇಮಕಗೊಂಡಿದ್ದ ಮೇಸ್ತ್ರಿಗಳಿಗೆ. ಅವರು ಹೋಗಿ ಮೋಶೆಯನ್ನೇ ಶಪಿಸಿದರು. ಇಂದಿನ 'ಟೀಮ್ ಲೀಡರ'ರ ಅವಸ್ಥೆಯನ್ನು ಬಲ್ಲವರಿಗೆ ಈ ಅಧ್ಯಾಯಕ್ಕೆ ವ್ಯಾಖ್ಯಾನ ಬೇಕಾಗಿಲ್ಲ. ಆ ದಾಸ್ಯದಿಂದ ಬಿಡಿಸಿದ ದೇವರು ಸೀನಾಯಿ ಬೆಟ್ಟದ ಮೇಲೆ ಕೊಟ್ಟ ಕಟ್ಟಳೆಗಳಲ್ಲಿ ವಾರದ ಒಂದು ದಿನದ ವಿಶ್ರಾಂತಿಯೂ ಇತ್ತೆಂಬುದು ಆಕಸ್ಮಿಕವಲ್ಲ. ಧರ್ಮೋಪದೇಶಕಾಂಡವು ಆ ಕಟ್ಟಳೆಗೆ ಕೊಡುವ ಕಾರಣವೂ ಅದೇ. ನೀನು ಈಜಿಪ್ಟಿನಲ್ಲಿ ದಾಸನಾಗಿದ್ದೆ. ಆದ್ದರಿಂದ ನಿನ್ನ ಆಳು, ನಿನ್ನ ದಾಸಿ, ನಿನ್ನ ಎತ್ತು, ಕತ್ತೆ, ನಿನ್ನ ಊರಿಗೆ ಬಂದ ಪರದೇಶಿ ಎಲ್ಲರೂ ದಣಿವಾರಿಸಿಕೊಳ್ಳಲಿ ಎಂಬ ಅರ್ಥದಲ್ಲಿ ಅದು ಆಜ್ಞಾಪಿಸುತ್ತದೆ.

ಇದೆಲ್ಲ ಗುರುಗಳ ಮಾತು, ಲೋಕದ ವ್ಯವಹಾರ ಬೇರೆ ಎನ್ನುವವರಿದ್ದಾರೆ. ಆಗಲಿ, ಲೋಕದ ಲೆಕ್ಕವನ್ನೇ ನೋಡೋಣ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ, ಬಹುತೇಕ ಮಹಿಳೆಯರೇ ದುಡಿಯುತ್ತಿದ್ದ ಕಡೆ, ಗಂಟೆಗಳ ಲೆಕ್ಕವನ್ನೂ ಉತ್ಪಾದನೆಯ ಲೆಕ್ಕವನ್ನೂ ಬರೆದಿಡಲಾಗಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ ಅವರು ನೂರು ವರ್ಷಗಳ ತರುವಾಯ ಅವನ್ನು ಮತ್ತೆ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ವಾರಕ್ಕೆ ಸುಮಾರು 49 ಗಂಟೆಗಳವರೆಗೆ ದುಡಿಮೆ ಹೆಚ್ಚಿದಷ್ಟೂ ಉತ್ಪಾದನೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತಿತ್ತು. ಅಲ್ಲಿಂದಾಚೆಗೆ ಪ್ರತಿಯೊಂದು ಹೆಚ್ಚಿನ ಗಂಟೆಯ ಫಲವೂ ಕುಗ್ಗತೊಡಗಿತು. 70 ಗಂಟೆ ದುಡಿದ ವಾರದ ಉತ್ಪಾದನೆಗೂ 56 ಗಂಟೆ ದುಡಿದ ವಾರದ ಉತ್ಪಾದನೆಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಮತ್ತೊಂದು ಮಾತು: ಭಾನುವಾರದ ಬಿಡುವಿಲ್ಲದ ವಾರಗಳಲ್ಲಿ ಕೆಲಸವೇ ಕೆಟ್ಟಿತ್ತು. ದೇಶ ಯುದ್ಧದಲ್ಲಿದ್ದು, ದುಡಿಯುವವರಿಗೆ ದೇಶಪ್ರೇಮವಿದ್ದು, ಕೈಯಲ್ಲಿ ಮೊಬೈಲು ಇಲ್ಲದಿದ್ದ ಕಾಲದ ಮಾತಿದು. ಹಾಗಿದ್ದರೆ ಆ ಹೆಚ್ಚಿನ ಹದಿನಾಲ್ಕು ಗಂಟೆಗಳನ್ನು ಇಂದು ಯಾರ ಹಿತಕ್ಕಾಗಿ ಕೇಳಲಾಗುತ್ತಿದೆ?

ದೇಹದ ಲೆಕ್ಕ ಇನ್ನೂ ಕಠೋರ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ 2021ರಲ್ಲಿ ಜಂಟಿಯಾಗಿ ತಿಳಿಸಿದಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇಕಡ 17ರಷ್ಟು ಹೆಚ್ಚು. 2016 ಒಂದೇ ವರ್ಷದಲ್ಲಿ ಹೀಗೆ ಸತ್ತವರು 7,45,000 ಮಂದಿ. ಜಪಾನು ಹೀಗೆ ಮೇಲೆದ್ದಿತು, ಚೀನಾ ಹೀಗೆ ಮೇಲೆದ್ದಿತು ಎಂದು ನಮಗೆ ನಿದರ್ಶನ ಕೊಡುವವರು, ಅತಿದುಡಿಮೆಯ ಸಾವಿಗೆ 'ಕರೋಶಿ' ಎಂಬ ಪ್ರತ್ಯೇಕ ಪದವನ್ನೇ ಜಪಾನಿ ಭಾಷೆ ಹುಟ್ಟಿಸಿಕೊಳ್ಳಬೇಕಾಯಿತೆಂಬುದನ್ನು ಹೇಳುವುದಿಲ್ಲ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು, ವಾರಕ್ಕೆ ಆರು ದಿನ ಎಂಬ ಚೀನಾದ ಪದ್ಧತಿಯನ್ನು 2021ರ ಆಗಸ್ಟಿನಲ್ಲಿ ಅಲ್ಲಿನ ಸರ್ವೋಚ್ಚ ಜನತಾ ನ್ಯಾಯಾಲಯವೇ ಕಾನೂನುಬಾಹಿರವೆಂದು ಸಾರಿತೆಂಬುದನ್ನೂ ಹೇಳುವುದಿಲ್ಲ.

ನಮ್ಮ ಭಾನುವಾರದ ರಜೆ ಎಲ್ಲಿಂದ ಬಂತೆಂದು ನಮ್ಮ ಮಕ್ಕಳನ್ನು ಕೇಳಿದರೆ ಬ್ರಿಟಿಷರು ಕೊಟ್ಟರು, ಕ್ರೈಸ್ತರ ದಿನವಾದ್ದರಿಂದ ಕೊಟ್ಟರು ಎನ್ನುತ್ತಾರೆ. ಕಚೇರಿಗಳ ಮಟ್ಟಿಗೆ ಅದು ನಿಜವಿರಬಹುದು. ಗಿರಣಿಯ ಕೂಲಿಗೆ ಆ ದಿನವನ್ನು ಗಳಿಸಿಕೊಟ್ಟವರು ಜ್ಯೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ. 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಸೇರಿಸಿ ವಾರಕ್ಕೊಂದು ದಿನದ ರಜೆಯ ಬೇಡಿಕೆಯನ್ನು ಮಂಡಿಸಿದ ಅವರು, ಆರು ವರ್ಷ ಪಟ್ಟುಬಿಡದೆ ನಿಂತು, 1890ರ ಜೂನ್ 10ರಂದು ಗಿರಣಿ ಮಾಲೀಕರಿಂದ ಭಾನುವಾರದ ರಜೆಯನ್ನು ಪಡೆದರು. ಭಾನುವಾರ ಖಂಡೋಬನ ವಾರ ಎಂಬುದೂ ಆ ಬೇಡಿಕೆಗೆ ಒಂದು ಕಾರಣವಾಗಿತ್ತಂತೆ. ಖಂಡೋಬನೆಂದರೆ ನಮ್ಮ ಮೈಲಾರಲಿಂಗ. ನಾವು ಬಲಿಪೂಜೆಗೆ ಬರಲು ಅನುಕೂಲವಾಗಿರುವ ಈ ದಿನಕ್ಕೆ ಮೈಲಾರನ ಒಕ್ಕಲಿನವರ ಹೋರಾಟವೂ ಕಾರಣವೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಮರುವರ್ಷ, 1891ರಲ್ಲಿ, ಭಾರತದ ಕಾರ್ಖಾನೆ ಕಾಯಿದೆಯಲ್ಲಿ ವಾರದ ರಜೆ ಸೇರಿತು. ಅದೇ ವರ್ಷದ ಮೇ 15ರಂದು ಜಗದ್ಗುರು ಹದಿಮೂರನೆಯ ಲಿಯೋರವರು 'ರೇರುಂ ನೊವಾರುಂ' ವಿಶ್ವಪರಿಪತ್ರವನ್ನು ಹೊರಡಿಸಿ, ಕಾರ್ಮಿಕನ ಶಕ್ತಿ ಮೀರಿದ ದುಡಿಮೆಯನ್ನು ಖಂಡಿಸಿದರು, ವಿಶ್ರಾಂತಿಯ ದಿನವನ್ನು ಅವನ ಹಕ್ಕೆಂದು ಎತ್ತಿಹಿಡಿದರು. 2025ರ ಮೇ 8ರಂದು ಆಯ್ಕೆಯಾದ ಇಂದಿನ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದು ಆ ಪರಿಪತ್ರವನ್ನು ನೆನೆದೇ.

ಅಲ್ಲಿಂದ ಒಂದೊಂದೇ ಗಂಟೆಯನ್ನು ಇಳಿಸಿಕೊಂಡು ಬರಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54. ಡಾ. ಬಿ. ಆರ್. ಅಂಬೇಡ್ಕರ್ ಅವರು ವೈಸರಾಯ್ ಮಂಡಲಿಯ ಕಾರ್ಮಿಕ ಸದಸ್ಯರಾಗಿದ್ದ ಅವಧಿಯ ಯತ್ನದ ಫಲವಾಗಿ 1946ರಲ್ಲಿ 48. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆ ಅದನ್ನೇ ಉಳಿಸಿಕೊಂಡಿತು. 48 ಎಂಬ ಈ ಅಂಕಿಯ ಹಿಂದೆ ಎಷ್ಟು ಜನರ ಬೆವರು, ಎಷ್ಟು ಮುಷ್ಕರಗಳು, ಎಷ್ಟು ದಿನದ ಉಪವಾಸ ಇವೆಯೆಂಬುದು ಬಿನ್ನಿ ಮಿಲ್ಲಿನಲ್ಲಿ ದುಡಿದ ಅಜ್ಜಂದಿರ ಮೊಮ್ಮಕ್ಕಳಿಗಾದರೂ ತಿಳಿದಿರಬೇಕು.

ಈಗ ಆ ಏಣಿಯನ್ನು ಹಿಮ್ಮುಖವಾಗಿ ಇಳಿಸಲಾಗುತ್ತಿದೆ, ಅದೂ ನಮ್ಮ ರಾಜ್ಯದಲ್ಲಿ. 2023ರ ಫೆಬ್ರವರಿಯಲ್ಲಿ ವಿಧಾನಸಭೆಯು ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳ ಓವರ್‌ಟೈಮಿನ ಮಿತಿ 75 ಗಂಟೆಯಿಂದ 145ಕ್ಕೆ ಏರಿತು. ಸರ್ಕಾರ ಬದಲಾಯಿತು. 2024ರ ಜುಲೈಯಲ್ಲಿ ಮಾಹಿತಿ ತಂತ್ರಜ್ಞಾನದ ನೌಕರರಿಗೆ ಓವರ್‌ಟೈಮ್ ಸೇರಿ ದಿನಕ್ಕೆ 14 ಗಂಟೆಯ ಪ್ರಸ್ತಾಪ ಹೊರಬಿತ್ತು. ನೌಕರರ ಸಂಘ ಬೀದಿಗಿಳಿದಾಗ, ಇದು ಕಂಪೆನಿಗಳ ಒತ್ತಡ ಎಂದು ಕಾರ್ಮಿಕ ಸಚಿವರು ಹೇಳಬೇಕಾಯಿತು. 2025ರ ಜೂನಿನಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಗೆ ಇನ್ನೊಂದು ತಿದ್ದುಪಡಿಯ ಪ್ರಸ್ತಾಪ: ದಿನಕ್ಕೆ 9ರ ಬದಲು 10 ಗಂಟೆ, ಓವರ್‌ಟೈಮ್ ಸೇರಿದರೆ 12, ಮೂರು ತಿಂಗಳಿಗೆ ಓವರ್‌ಟೈಮ್ 50ರಿಂದ 144ಕ್ಕೆ. ಪಕ್ಷ ಯಾವುದಾದರೇನು, ಬಾಣದ ಗುರಿ ಒಂದೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳಲ್ಲಿ 48 ಗಂಟೆಯ ವಾರ ಕಾಗದದ ಮೇಲೆ ಉಳಿದಿದೆ ಎಂಬುದು ಸಮಾಧಾನ. ಕಾಗದವನ್ನು ಕಾಯುವವರು ಬೇಕು.

ಇಂಥ ಚರ್ಚೆ ಬಂದಾಗಲೆಲ್ಲ ನಮ್ಮ ಉದ್ಯಮಿಗಳು ಬಸವಣ್ಣನವರ ಕಾಯಕ ತತ್ವವನ್ನು ಎಳೆದು ತರುತ್ತಾರೆ. ಅವರ ಹೆಸರಿನ ಬಡಾವಣೆಯಲ್ಲೇ ನಮ್ಮ ಸಾವಿರಾರು ಜನ ವಾಸವಾಗಿದ್ದಾರೆ. ಆದ್ದರಿಂದ ಈ ಅಪಾರ್ಥವನ್ನು ಸುಮ್ಮನೆ ಬಿಡಲಾಗದು. ಕಲ್ಯಾಣದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳಿದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅಂದು ಅವನ ಉತ್ಪಾದಕತೆ ಏರಿತ್ತು. ಲಕ್ಕಮ್ಮ ಹಿಗ್ಗಲಿಲ್ಲ, ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ಆಸೆ, ಅದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಮರಳಿ ಕಳುಹಿಸಿದಳು. ಕಾಯಕವೆಂದರೆ ದುಡಿಮೆ ಮಾತ್ರವಲ್ಲ, ದುಡಿಮೆಗೆ ಒಂದು ಸಾಕು ಎಂಬ ಅಂಚೂ ಹೌದು ಎಂಬುದನ್ನು ಆ ತಾಯಿ ಬಲ್ಲವಳಾಗಿದ್ದಳು. ಕಾಯಕದ ಹೆಸರಿನಲ್ಲಿ ಎಪ್ಪತ್ತು ಗಂಟೆ ಕೇಳುವವರು ಲಕ್ಕಮ್ಮನ ಎದುರು ನಿಂತು ಕೇಳಲಿ.

ಹಾಗಾದರೆ ಸೋಮಾರಿತನವನ್ನು ಸಮರ್ಥಿಸುತ್ತಿದ್ದೀರಾ ಗುರುಗಳೇ ಎಂದು ಕೇಳಬಹುದು. ಇಲ್ಲ. ಕೆಲಸಗಳ್ಳರು ಎಲ್ಲೆಡೆ ಇದ್ದಾರೆ. ಕಚೇರಿಯಲ್ಲಿ ಹಗಲೆಲ್ಲ ಹರಟಿ ಸಂಜೆ ಆರಕ್ಕೆ ಕಂಪ್ಯೂಟರಿನ ಮುಂದೆ ಕುಳಿತು ದುಡಿಮೆಯ ಪ್ರದರ್ಶನ ನೀಡುವವರೂ ಇದ್ದಾರೆ. ದೀರ್ಘ ಗಂಟೆಗಳ ಪದ್ಧತಿ ಇಂಥವರನ್ನೇ ಬೆಳೆಸುತ್ತದೆಂಬುದು ನನ್ನ ಅಭಿಮತ. ರಾತ್ರಿ ಒಂಬತ್ತರವರೆಗೆ ಕೂರಲೇಬೇಕಾದವನು ಹನ್ನೊಂದು ಗಂಟೆಗೆ ಮುಗಿಯುವ ಕೆಲಸವನ್ನು ಹನ್ನೊಂದಕ್ಕೇ ಏಕೆ ಮುಗಿಸಿಯಾನು? ಸ್ವಂತ ಉದ್ಯಮ ಕಟ್ಟುವವನು ತನ್ನ ಇಚ್ಛೆಯಿಂದ ಹಗಲಿರುಳು ದುಡಿಯುವುದುಂಟು. ಅದು ಅವನ ಆಯ್ಕೆ, ಲಾಭವೂ ಅವನದು. ಅದನ್ನೇ ತಿಂಗಳ ಸಂಬಳದ ಹುಡುಗಿಗೆ ಧರ್ಮವೆಂದು ಬೋಧಿಸುವುದು ಬೇರೆ ಮಾತು.

ಏಕಾಗ್ರತೆಯ ಬಗೆಗೂ ಒಂದು ಮಾತು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೊರಳಿದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಸಿಕ್ಕಿಕೊಂಡಿರುತ್ತದೆಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಕೈಯಲ್ಲಿ ಜಪಸರ, ಮನಸ್ಸು ಸಂತೆಯಲ್ಲಿ ಎಂಬುದನ್ನು ಬಲ್ಲ ನಮಗೆ ಇದು ಹೊಸತಲ್ಲ. ಆದರೆ ಇಂದು ಮನಸ್ಸನ್ನು ಸಂತೆಗೆ ಎಳೆಯುತ್ತಿರುವುದು ಯಾರು? ಹಿಂದೆ ಮಿಲ್ಲಿನ ಸೈರನ್ ಕೂಗಿದರೆ ಕೆಲಸ ಮುಗಿಯಿತೆಂದೇ ಅರ್ಥ. ಆಮೇಲೆ ಆ ಸಂಜೆ ಕಾರ್ಮಿಕನದು. ಜಾಲಹಳ್ಳಿಯ ಎಚ್.ಎಂ.ಟಿ. ಕಾರ್ಖಾನೆಯಲ್ಲಿ 1961ರಿಂದ ದೇಶಕ್ಕೆಲ್ಲ ಕೈಗಡಿಯಾರ ಮಾಡಿಕೊಟ್ಟವರೂ ಸಮಯಕ್ಕೆ ಸರಿಯಾಗಿ ಮನೆಗೆ ಹೋಗುತ್ತಿದ್ದರು. (ಆ ಗಡಿಯಾರಗಳು ಇಂದಿಗೂ ಕೆಲವು ಅಜ್ಜಂದಿರ ಮಣಿಕಟ್ಟಿನ ಮೇಲೆ ನಡೆಯುತ್ತಿವೆ, ಕಾರ್ಖಾನೆ ಮಾತ್ರ ನಿಂತಿತು.) ಈಗಿನ ಸೈರನ್ ಜೇಬಿನಲ್ಲಿದೆ. ಅದು ಕೆಲಸಕ್ಕೆ ಕರೆಯಲು ಮಾತ್ರ ಕೂಗುತ್ತದೆ, ಬಿಡಲು ಕೂಗುವುದಿಲ್ಲ. ರಾತ್ರಿ ಹತ್ತೂವರೆಗೆ ಮ್ಯಾನೇಜರನ ಸಂದೇಶ, ಭಾನುವಾರ ಪರಮಪ್ರಸಾದದ ಸಾಲಿನಲ್ಲಿ ನಿಂತವನ ಜೇಬಿನಲ್ಲಿ ಅದರ ನಡುಕ. ಫ್ರಾನ್ಸ್ ದೇಶದಲ್ಲಿ 2017ರಿಂದ, ಆಸ್ಟ್ರೇಲಿಯದಲ್ಲಿ 2024ರ ಆಗಸ್ಟಿನಿಂದ, ಕೆಲಸದ ವೇಳೆಯಾಚೆ ಇಂಥ ಕರೆಗಳಿಗೆ ಕಿವಿಗೊಡದಿರಲು ಕಾನೂನಿನ ಆಸರೆಯಿದೆ. ಇಲ್ಲಿ ನಮಗೆ ಕೊಡುತ್ತಿರುವುದು ಧ್ಯಾನದ ಆ್ಯಪ್.

ವಾರವನ್ನು ನಿಜವಾಗಿ ನಿಭಾಯಿಸಬೇಕೆನ್ನುವವರು ಸೋಮವಾರದಿಂದ ಆರಂಭಿಸಬಾರದು. ಮಾರಾಟಕ್ಕಿಲ್ಲದ ಒಂದು ದಿನವನ್ನು ಮೊದಲು ಗೆರೆ ಎಳೆದು ಗುರುತಿಸಬೇಕು. ನಂತರ ಪ್ರತಿ ದಿನದ ಕೆಲಸ ಮುಗಿಯುವ ಗಂಟೆಯನ್ನು. ಕಡೆಗೆ, ಉಳಿದ ಜಾಗದಲ್ಲಿ, ಮಾಡಬೇಕಾದ ಕೆಲಸಗಳನ್ನು. ಆಗ ಕೆಲಸ ಹಿಡಿಸದಿದ್ದರೆ ಕೆಲಸ ಹೆಚ್ಚಾಯಿತೆಂದೇ ಅರ್ಥ, ಅದನ್ನು ಹಾಗೆಂದೇ ಹೇಳಬೇಕು. ಒಬ್ಬರೇ ಹೇಳಿದರೆ ಕೆಲಸ ಹೋಗಬಹುದು. ಆದ್ದರಿಂದ ಕೂಡಿ ಹೇಳಬೇಕು. ನಮ್ಮ ಯುವಕರು ನೌಕರರ ಸಂಘಕ್ಕೆ ಸೇರುವುದನ್ನು ಪೋಷಕರು ದುರಭ್ಯಾಸದಂತೆ ಕಾಣುವುದೇಕೆ? 1891ರಿಂದ ಧರ್ಮಸಭೆ ಅದನ್ನು ಹಕ್ಕೆಂದು ಕರೆಯುತ್ತ ಬಂದಿದೆ. ದಾದಿಯರು, ಬಸ್ಸು ಓಡಿಸುವವರು, ಪೊಲೀಸರು, ಮೆಟ್ರೋ ನಡೆಸುವವರು ಭಾನುವಾರವೂ ದುಡಿಯಲೇಬೇಕು, ಅವರ ದುಡಿಮೆ ಸೇವೆಯೇ. ಅವರಿಗೆ ಬೇರೊಂದು ದಿನ ಸಿಗಬೇಕು, ಆ ದಿನ ಅವರ ಮನೆಯವರು ಅದನ್ನು ಭಾನುವಾರವೆಂದೇ ನಡೆಸಿಕೊಡಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳವನ್ನೂ ನೋಡದಿದ್ದರೆ ಅನ್ಯಾಯವಾದೀತು. ಹತ್ತನೆಯ ತರಗತಿಯ ಮಗುವಿಗೆ ಭಾನುವಾರ ಬೆಳಗ್ಗೆ ಆರರಿಂದ ಟ್ಯೂಷನ್, ಅದು ಮುಗಿದರೆ ಧರ್ಮೋಪದೇಶದ ತರಗತಿ, ಮಧ್ಯಾಹ್ನ ಪ್ರವೇಶ ಪರೀಕ್ಷೆಯ ಕೋಚಿಂಗ್. ಎಪ್ಪತ್ತು ಗಂಟೆಯನ್ನು ಕಂಪೆನಿ ಕೇಳುವ ಮುನ್ನವೇ ನಾವು ಮನೆಯಲ್ಲಿ ಅಭ್ಯಾಸ ಮಾಡಿಸಿದ್ದೇವೆ. ಕಾಮಾಕ್ಷಿಪಾಳ್ಯದಲ್ಲಿ, ರಾಜಾಜಿನಗರದ ಕೈಗಾರಿಕಾ ಉಪನಗರದಲ್ಲಿ ಸಣ್ಣ ವರ್ಕ್‌ಷಾಪುಗಳನ್ನು ನಡೆಸುವ ನಮ್ಮವರೇ ಇದ್ದಾರೆ. ಆರ್ಡರು ಬಂದಾಗ ಭಾನುವಾರವೂ ಲೇತು ತಿರುಗುತ್ತದೆ. ಮಾಲೀಕರು ಎಂಟರ ಪೂಜೆಯಲ್ಲಿರುತ್ತಾರೆ, ಹುಡುಗರು ಮೆಷಿನ್ನಿನ ಮುಂದೆ. ಓವರ್‌ಟೈಮಿಗೆ ಕಾನೂನು ಹೇಳುವ ಇಮ್ಮಡಿ ಕೂಲಿ ಅವರ ಕೈಗೆ ಬಿದ್ದಿದೆಯೇ ಎಂದು ಮುಂದಿನ ತಪಸ್ಸುಕಾಲದಲ್ಲಿ ಕೇಳಿಕೊಳ್ಳಬಹುದು, ಅಥವಾ ಈ ಶನಿವಾರವೇ.

ಕಾರ್ಖಾನೆಯ ಕಾಯಿದೆಯಾಗಲೀ ಅಂಗಡಿಗಳ ಕಾಯಿದೆಯಾಗಲೀ ಮುಟ್ಟದ ಇನ್ನೊಂದು ಕೆಲಸದ ಜಾಗವಿದೆ. ಅದು ನಮ್ಮ ಅಡುಗೆಮನೆ. ವಿಜಯನಗರದ, ಬಸವೇಶ್ವರನಗರದ ಮನೆಗಳಿಗೆ ದಿನಕ್ಕೆ ನಾಲ್ಕೈದು ಮನೆಯಂತೆ ಪಾತ್ರೆ ತೊಳೆಯಲು, ನೆಲ ಒರೆಸಲು ಬರುವ ಅಕ್ಕಂದಿರಿಗೆ ಭಾನುವಾರವೇ ಹೆಚ್ಚು ಪಾತ್ರೆ. ಅಂದು ನಮ್ಮ ಮನೆಗೆ ನೆಂಟರು ಬರುತ್ತಾರೆ. ಅವರಿಗೂ ಮಕ್ಕಳಿದ್ದಾರೆ, ಕೆಲವರಿಗೆ ನಮ್ಮದೇ ದೇವಾಲಯವೂ ಇದೆ. ಆದರೆ ಒಂಬತ್ತರ ಪೂಜೆಯ ಹೊತ್ತಿಗೆ ಅವರು ಮೂರನೆಯ ಮನೆಯಲ್ಲಿರುತ್ತಾರೆ. ಭಾನುವಾರ ಬಾರದಿದ್ದರೆ ಸಂಬಳ ಮುರಿಯುವ ಪದ್ಧತಿ ಹಲವು ಕ್ರೈಸ್ತ ಮನೆಗಳಲ್ಲೂ ಇದೆಯೆಂದು ಅವರೇ ನನಗೆ ಹೇಳಿದ್ದಾರೆ. ತಿಂಗಳಿಗೆ ನಾಲ್ಕು ಭಾನುವಾರ, ಒಂದು ರೂಪಾಯಿಯನ್ನೂ ಮುರಿಯದೆ. ಆ ದಿನದ ಪಾತ್ರೆಗಳನ್ನು ಮನೆಯವರೇ, ಗಂಡಸರೂ ಸೇರಿ, ತೊಳೆಯುವುದು. ಇದಕ್ಕೆ ತರಬೇತುದಾರರು ಬೇಕಾಗಿಲ್ಲ, ಪರದೆಯೂ ಬೇಕಾಗಿಲ್ಲ. ನಾಳೆ ಬೆಳಗ್ಗೆ ಅವರು ಬಾಗಿಲು ತಟ್ಟಿದಾಗ ಹೇಳಿದರೆ ಸಾಕು.